ಭೀಮೆಯ ಮೇಲಿನ ಆಕಾಶಕ್ಕೊಂದು ಆಟದ ಹಾಸು

1948ರ ಸೆಪ್ಟೆಂಬರ್ 13ರ ನಸುಕಿನಲ್ಲಿ ಸೊಲ್ಲಾಪುರದ ಕಡೆಯಿಂದ ಹೊರಟ ಭಾರತೀಯ ಸೇನೆ ನಳದುರ್ಗದ ಬಳಿ ಹೈದರಾಬಾದ್ ಸಂಸ್ಥಾನದ ಗಡಿ ದಾಟಿತು. ಇಂಡಿಯಿಂದ ನಳದುರ್ಗ ನೇರ ರೇಖೆಯಲ್ಲಿ ಸುಮಾರು 80 ಕಿಲೋಮೀಟರ್. ಸಿಂದಗಿ ತಾಲ್ಲೂಕಿನ ಮೂಡಣ ಅಂಚು, ಮುದ್ದೇಬಿಹಾಳದ ಮೂಡಣ ಅಂಚು ಆಗ ಬರೀ ತಾಲ್ಲೂಕಿನ ಅಂಚುಗಳಾಗಿರಲಿಲ್ಲ. ಈಚೆಗೆ ಮುಂಬೈ ಪ್ರಾಂತ್ಯದ ವಿಜಾಪುರ ಜಿಲ್ಲೆ, ಆಚೆಗೆ ನಿಜಾಮನ ಗುಲ್ಬರ್ಗ ಮತ್ತು ರಾಯಚೂರು. ಬಸವನ ಬಾಗೇವಾಡಿ ಮಾತ್ರ ಗಡಿಯಿಂದ ಒಂದು ಹೆಜ್ಜೆ ಒಳಗಿತ್ತು. ಐದು ದಿನಗಳ ಆ ಕಾರ್ಯಾಚರಣೆಯಲ್ಲಿ ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ದಳಕ್ಕೆ ಮೇಲಿನಿಂದ ದಾರಿ ಬಿಡಿಸಿಕೊಟ್ಟದ್ದು ಪುಣೆಯಿಂದ ಹಾರಿದ ಟೆಂಪೆಸ್ಟ್ ವಿಮಾನಗಳು. ಯುದ್ಧದ ಇತಿಹಾಸ ಓದುವವರು ಕೂಡ ಈ ಆಕಾಶವನ್ನು ಒಂದೆರಡು ಸಾಲಿನಲ್ಲಿ ದಾಟಿಬಿಡುತ್ತಾರೆ. ಅದನ್ನು ಹಾಸಿನ ಮೇಲೆ ಹರಡಿ ಕಾಯಿ ನಡೆಸಿ ನೋಡುವ ಕೆಲಸ ನಮ್ಮದೇ ಆಗಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಈ ಲೇಖನ ಆ ಕೆಲಸದ ಬಗ್ಗೆ.

ವಿಮಾನ ಕಾದಾಟದ ಹಲಗೆಯಾಟಗಳಿಗೆ ಅರ್ಧ ಶತಮಾನಕ್ಕೂ ಮಿಕ್ಕಿದ ಚರಿತ್ರೆ ಇದೆ. ಅಮೆರಿಕದ ಅವಲಾನ್ ಹಿಲ್ ಸಂಸ್ಥೆ 1972ರಲ್ಲಿ ತಂದ 'ರಿಚ್‌ಥೋಫೆನ್ಸ್ ವಾರ್' ಮೊದಲ ಮಹಾಯುದ್ಧದ ರೆಕ್ಕೆಗಳನ್ನು ಆರು ಮೂಲೆಯ ಮನೆಗಳ ಮೇಲೆ ಹಾರಿಸಿತು. 2004ರಲ್ಲಿ ಇಟಲಿಯ ಆಂಜೊಲಿನೊ ಮತ್ತು ಪಾಲಿಯಾ 'ವಿಂಗ್ಸ್ ಆಫ್ ವಾರ್' ಎಂಬ ಆಟದಲ್ಲಿ ಮನೆಗಳನ್ನೇ ತೆಗೆದುಹಾಕಿದರು. ಅದರಲ್ಲಿ ವಿಮಾನ ಇಸ್ಪೀಟಿನಂಥ ಒಂದು ಎಲೆ, ಅದರ ತಿರುವು ಇನ್ನೊಂದು ಎಲೆ. ಮೂರು ತಿರುವುಗಳನ್ನು ಗುಟ್ಟಾಗಿ ಮೊದಲೇ ಇಟ್ಟುಕೊಂಡು ಎಲ್ಲರೂ ಒಟ್ಟಿಗೆ ತಿರುಗಿಸಿ ನೋಡಬೇಕು. ಲೀ ಬ್ರಿಮಿಕೋಂಬ್ ವುಡ್ 2015ರಲ್ಲಿ 'ವಿಂಗ್ ಲೀಡರ್' ತಂದಾಗ ನಕ್ಷೆಯನ್ನೇ ನಿಲ್ಲಿಸಿಬಿಟ್ಟರು. ಅಲ್ಲಿ ನೆಲವನ್ನು ಮೇಲಿನಿಂದ ನೋಡುವುದಿಲ್ಲ, ಆಕಾಶವನ್ನು ಪಕ್ಕದಿಂದ ನೋಡುತ್ತೇವೆ. ಯಾರು ಮೇಲಿದ್ದಾರೆ, ಯಾರು ಕೆಳಗಿದ್ದಾರೆ, ಸೂರ್ಯ ಯಾರ ಬೆನ್ನಿಗಿದ್ದಾನೆ ಎಂಬುದಷ್ಟೇ ಅಲ್ಲಿನ ವ್ಯವಹಾರ.

ಇಷ್ಟೆಲ್ಲ ಜಾಣ್ಮೆ ಇದ್ದರೂ ಈ ಆಟಗಳು ಸುತ್ತುವುದು ಹೆಚ್ಚಾಗಿ ಅದೇ ಊರುಗಳ ಮೇಲೆ: ಫ್ರಾನ್ಸಿನ ಕಂದಕಗಳು, ಲಂಡನ್, ಬರ್ಲಿನ್, ಪೆಸಿಫಿಕ್ ಸಾಗರ. ಅಪವಾದಗಳು ಇವೆ, ಮತ್ತು ಅವುಗಳಿಂದ ಕಲಿಯುವುದು ಬಹಳ. ಬ್ರಿಮಿಕೋಂಬ್ ವುಡ್ ಅವರದೇ 'ಡೌನ್‌ಟೌನ್' 2004ರಲ್ಲಿ ಹನೋಯ್ ಮೇಲಿನ ಅಮೆರಿಕದ ದಾಳಿಗಳನ್ನು ಆಟಕ್ಕೆ ತಂದಿತ್ತು. 2009ರಲ್ಲಿ ಟೆರಿ ಸೀಮೋ ಅದೇ ನಿಯಮಗಳ ಎಲುಬುಗೂಡನ್ನು ಎತ್ತಿಕೊಂಡು ಸೂಯೆಜ್ ಕಾಲುವೆಯ ಮೇಲೆ, 1967ರಿಂದ 1973ರವರೆಗಿನ ಕಾದಾಟಗಳ ಮೇಲೆ ನಿಲ್ಲಿಸಿದರು. ಆ ಆಟದ ಹೆಸರು 'ಎಲ್ಯೂಸಿವ್ ವಿಕ್ಟರಿ'. ಯುದ್ಧರಂಗ ಬದಲಾದಾಗ ವಿಮಾನದ ಬಣ್ಣ ಬದಲಾಯಿಸಿದರೆ ಸಾಲದು. ಆ ರಂಗದಲ್ಲಿ ಪೈಲಟ್‌ಗೆ ಎದುರಾದ ಪ್ರಶ್ನೆ ಯಾವುದೋ, ಆಟಗಾರನಿಗೂ ಅದೇ ಪ್ರಶ್ನೆ ಎದುರಾಗಬೇಕು. ಲಂಡನ್ ಮೇಲಿನ ಪ್ರಶ್ನೆಯನ್ನು ತಂದು ಭೀಮಾ ತೀರದಲ್ಲಿ ಕೇಳಿದರೆ ಉತ್ತರ ಸುಳ್ಳಾಗುತ್ತದೆ.

ನಮ್ಮ ನೆಲಕ್ಕೆ ಬರುವ ಮುನ್ನ ಕೊಡಗಿನ ಒಬ್ಬರ ಕಥೆ ಹೇಳಬೇಕು. ರಂಗಕ್ಕೆ ತಕ್ಕ ನಿಯಮ ಎಂದರೆ ಏನು ಎಂಬುದು ನನಗೆ ತಿಳಿದದ್ದು ಆ ಪ್ರಸಂಗದಿಂದಲೇ.

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಪಂಜಾಬಿನ ಆದಂಪುರದಿಂದ ಮಿಸ್ಟೇರ್ ವಿಮಾನದಲ್ಲಿ ಹೊರಟರು. ಗುರಿ ಪಾಕಿಸ್ತಾನದ ಸರ್ಗೋಧಾ ವಿಮಾನ ನೆಲೆ, ನೇರ ದೂರ ಸುಮಾರು 300 ಕಿ.ಮೀ. ಅವರು ಆ ದಾಳಿಯ ಮುಖ್ಯ ಪಟ್ಟಿಯಲ್ಲಿ ಇರಲಿಲ್ಲ, ಯಾರಾದರೂ ಹಿಂದೆ ಬಿದ್ದರೆ ಹೋಗಲಿ ಎಂದು ಕಾಯ್ದಿರಿಸಿದ್ದವರು. ದಾಳಿ ಮುಗಿಸಿ ಮರಳುವಾಗ ಬೆನ್ನಟ್ಟಿದ್ದು ಎಫ್-104 ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ, ಕ್ಷಿಪಣಿ ಹೊತ್ತ ವಿಮಾನ ಅದು. ದೇವಯ್ಯನವರ ಮಿಸ್ಟೇರ್ ನೆಲಕ್ಕೆ ಹತ್ತಿರ ಹಾರುವಾಗ ಶಬ್ದದ ವೇಗವನ್ನೂ ಮುಟ್ಟದು. ಆದರೂ ಗುಂಡು ತಗಲಿದ ಮೇಲೆ ಅವರು ತಿರುಗಿ ನಿಂತರು. ಸ್ಟಾರ್‌ಫೈಟರ್ ಉರುಳಿತು. ಅದರ ಪೈಲಟ್ ಜಿಗಿದು ಬದುಕಿದರು, ದೇವಯ್ಯ ಮರಳಲಿಲ್ಲ. ಈ ಕಡೆಯವರಿಗೆ ಏನಾಯಿತೆಂದೇ ಗೊತ್ತಿರಲಿಲ್ಲ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ಕಡೆಯಿಂದ ಬರೆದ ಪುಸ್ತಕ 1979ರಲ್ಲಿ ಬಂದಾಗ ಸುದ್ದಿ ಹೊರಬಿತ್ತು. ಮಹಾವೀರ ಚಕ್ರ ಘೋಷಣೆಯಾಗುವ ಹೊತ್ತಿಗೆ 1988 ಆಗಿತ್ತು.

ಈ ಕಾದಾಟವನ್ನು ಸಿದ್ಧ ಆಟವೊಂದರ ನಿಯಮಕ್ಕೆ ಹಾಗೇ ತುರುಕಿದರೆ ಸ್ಟಾರ್‌ಫೈಟರ್ ಪ್ರತಿ ಸಲವೂ ಗೆಲ್ಲುತ್ತದೆ. ಬಹುತೇಕ ಆಟಗಳಲ್ಲಿ ವೇಗವೇ ದೊಡ್ಡ ಅಂಕ. ಹೆಚ್ಚು ವೇಗವಿದ್ದವನು ಕೊನೆಗೆ ನಡೆಯುತ್ತಾನೆ, ಎದುರಾಳಿ ಎಲ್ಲಿ ಹೋದ ಎಂದು ನೋಡಿಕೊಂಡು ತನ್ನ ಕಾಯಿ ಇಡುತ್ತಾನೆ. ಆದರೆ ಸ್ಟಾರ್‌ಫೈಟರ್‌ನ ರೆಕ್ಕೆ ಗಿಡ್ಡ ಮತ್ತು ತೆಳು. ವೇಗ ಇಳಿಸಿ ಸುತ್ತಲು ಹೋದರೆ ಅದಕ್ಕೆ ಬಹಳ ಅಗಲದ ಜಾಗ ಬೇಕು. ಮಿಸ್ಟೇರ್ ಅದಕ್ಕಿಂತ ಚಿಕ್ಕ ಸುತ್ತಿನಲ್ಲಿ ತಿರುಗುತ್ತದೆ. ಹಾಗಾಗಿ ನಾನೂ ನನ್ನ ಗೆಳೆಯರೂ ಬರೆದುಕೊಂಡ ನಿಯಮ ಇಷ್ಟು: ಸ್ಟಾರ್‌ಫೈಟರ್ ಆಡುವವನು ಪ್ರತಿ ಪಾಳಿಯಲ್ಲೂ ಒಂದು ಚೀಟಿಯಲ್ಲಿ 'ಹಾಯ್ದು ಹೋಗುವೆ' ಅಥವಾ 'ಸುತ್ತಿ ಬರುವೆ' ಎಂದು ಗುಟ್ಟಾಗಿ ಬರೆಯಬೇಕು. ಹಾಯ್ದು ಹೋದರೆ ವೇಗದ ಲಾಭ ಪೂರ್ತಿ ಸಿಗುತ್ತದೆ, ಆದರೆ ಮುಂದಿನ ಎರಡು ಪಾಳಿ ಗುಂಡು ಹಾರಿಸುವ ಹಾಗಿಲ್ಲ. ಸುತ್ತಿ ಬಂದರೆ ಗುಂಡು ಹಾರಿಸಬಹುದು, ಆದರೆ ವೇಗದ ಅಂಕ ಅರ್ಧಕ್ಕೆ ಇಳಿಯುತ್ತದೆ ಮತ್ತು ನಡೆಯುವ ಸರದಿ ತಿರುಗುಮುರುಗಾಗುತ್ತದೆ.

ಮಿಸ್ಟೇರ್ ಆಡುವವನಿಗೂ ಒಂದು ಚೀಟಿ, ಅದು ಇಂಧನದ್ದು. ಸರ್ಗೋಧಾದಿಂದ ಆದಂಪುರಕ್ಕೆ ಮುಟ್ಟಲು ಬೇಕಾದಷ್ಟನ್ನು ಮೊದಲೇ ಗೀಟು ಹಾಕಿ ತೋರಿಸಿರುತ್ತೇವೆ. ತಿರುಗಿ ನಿಂತ ಪ್ರತಿ ಪಾಳಿಗೂ ಎರಡು ಗೀಟು ಅಳಿಸಬೇಕು. ಆಟಗಾರನ ಮುಂದೆ ಆಗ ನಿಜವಾದ ಪ್ರಶ್ನೆ ಬಂದು ಕೂರುತ್ತದೆ: ಓಡಿದರೆ ಬೆನ್ನಿಗೆ ಕ್ಷಿಪಣಿ, ತಿರುಗಿದರೆ ಮನೆ ಮುಟ್ಟುವಷ್ಟು ಇಂಧನ ಉಳಿಯದು. ಮೊದಲ ಸಲ ಈ ನಿಯಮದಲ್ಲಿ ಆಡಿದಾಗ ನನ್ನ ಅಣ್ಣನ ಮಗ ಬಹಳ ಹೊತ್ತು ಕಾಯಿ ಮುಟ್ಟಲಿಲ್ಲ. "ಕಾಕಾ, ತಿರಗಿದ್ರ ಮನಿಗಿ ಬರಾಂಗಿಲ್ಲ ಅಲ್ಲ?" ಎಂದ. ಹೌದು ಎಂದೆ. ಮತ್ತೆ ಸುಮ್ಮನೆ ಕೂತ. ಅವನು ಆ ದಿನ ಏನು ಮಾಡಿದ ಎಂಬುದು ಮುಖ್ಯವಲ್ಲ. ಹತ್ತನೇ ತರಗತಿಯ ಹುಡುಗನಿಗೆ ದೇವಯ್ಯನವರ ತೀರ್ಮಾನದ ತೂಕ ಗೊತ್ತಾಯಿತಲ್ಲ, ಅದಕ್ಕೇ ನಾನು ಈ ಆಟಗಳನ್ನು ಇಷ್ಟು ಹಚ್ಚಿಕೊಂಡಿರುವುದು.

ಇನ್ನೊಂದು ಪ್ರಸಂಗವನ್ನು ಚಿಕ್ಕದಾಗಿ ಹೇಳುತ್ತೇನೆ. 1971ರ ನವೆಂಬರ್ 22ರಂದು, ಅಧಿಕೃತವಾಗಿ ಯುದ್ಧ ಶುರುವಾಗುವ ಮೊದಲೇ, ಪೂರ್ವ ಗಡಿಯ ಬೊಯ್ರಾ ಬಳಿ ನಾಲ್ಕು ನ್ಯಾಟ್ ವಿಮಾನಗಳು ಪಾಕಿಸ್ತಾನದ ಸೇಬರ್‌ಗಳ ಮೇಲೆ ಎರಗಿದವು. ಪಾಕಿಸ್ತಾನದ ಇಬ್ಬರು ಪೈಲಟ್‌ಗಳು ಸೆರೆಸಿಕ್ಕರು. ಅವರಲ್ಲಿ ಒಬ್ಬರು ಮುಂದೆ ಆ ದೇಶದ ವಾಯುಪಡೆಯ ಮುಖ್ಯಸ್ಥರೇ ಆದರು. ನ್ಯಾಟ್ ನಡೆಸಿದ ನಾಲ್ವರಲ್ಲಿ ಕೊಡವರಾದ ಎಂ.ಎ. ಗಣಪತಿ ಒಬ್ಬರು. ನ್ಯಾಟ್ ವಿಮಾನಗಳನ್ನು ಪರವಾನಗಿ ಪಡೆದು ತಯಾರಿಸಿದ್ದು ಬೆಂಗಳೂರಿನ ಎಚ್‌ಎಎಲ್. ರೆಕ್ಕೆಯ ತುದಿಯಿಂದ ತುದಿಗೆ ಏಳು ಮೀಟರ್ ಕೂಡ ಇರದ ವಿಮಾನ ಅದು. ಆಟದಲ್ಲಿ ಅದಕ್ಕೆ ಕೊಡಬೇಕಾದ ಬಲ ವೇಗದ್ದಲ್ಲ, ಕಣ್ಣಿಗೆ ಬೀಳದಿರುವ ಗುಣದ್ದು. ಎದುರಾಳಿ ನ್ಯಾಟನ್ನು ಗುರುತಿಸಲು ಹಾಕುವ ದಾಳದಲ್ಲಿ ಒಂದು ಅಂಕ ಕಳೆಯಬೇಕು. ಅದರ ತೋಪು ನಡುವೆ ಸಿಕ್ಕಿಹಾಕಿಕೊಳ್ಳುವ ರೋಗಕ್ಕೂ ಒಂದು ದಾಳ ಇಡಬೇಕು. ಇಷ್ಟು ಮಾಡಿದರೆ ಬೊಯ್ರಾ ಒಂದೇ ಸಂಜೆಯಲ್ಲಿ ಆಡಿ ಮುಗಿಸಬಹುದಾದ ಪ್ರಸಂಗ.

ಈಗ ನಮ್ಮ ಭಾಗಕ್ಕೆ ಬರೋಣ. ಇಲ್ಲಿ ತೊಡಕು ಬೇರೆಯೇ ಇದೆ. 1948ರಲ್ಲಿ ಹೈದರಾಬಾದ್ ಸಂಸ್ಥಾನಕ್ಕೆ ಕಾದಾಡುವ ವಾಯುಪಡೆ ಇರಲಿಲ್ಲ. ಡೆಕ್ಕನ್ ಏರ್‌ವೇಸ್ ಇತ್ತು, ಅದು ಪ್ರಯಾಣಿಕರ ಸಂಸ್ಥೆ. ಟೆಂಪೆಸ್ಟ್‌ಗೆ ಎದುರು ನಿಲ್ಲುವ ವಿಮಾನವೇ ಇಲ್ಲದ ಮೇಲೆ ಇದೆಂಥ ವಿಮಾನ ಕಾದಾಟ ಎಂದು ಯಾರಾದರೂ ಕೇಳಬಹುದು. ಸಿಂದಗಿಯಲ್ಲಿ ಗಣಿತ ಕಲಿಸುವ ನನ್ನ ಗೆಳೆಯರು ಕೇಳಿಯೂ ಬಿಟ್ಟರು. "ಒಂದ ಕಡಿ ಹುಲಿ, ಇನ್ನೊಂದ ಕಡಿ ಹುಲೀನ ಇರಬೇಕಂತ ಎಲ್ಲೈತ್ರಿ?" ಎಂದು ಆಮೇಲೆ ಉತ್ತರವನ್ನೂ ಅವರೇ ಹೇಳಿದರು. ಗುಡಿಯ ಕಟ್ಟೆಯ ಮೇಲೆ ಗೀಚಿದ ಹುಲಿ-ಕುರಿ ಆಟದ ಮನೆಗಳನ್ನು ಕಂಡವರಿಗೆಲ್ಲ ಇದು ಗೊತ್ತಿರುವ ಸಂಗತಿ. ಹುಲಿಗೆ ಹಾರಿ ತಿನ್ನುವ ಬಲ, ಕುರಿಗೆ ಸುತ್ತುಗಟ್ಟುವ ಬಲ. ಎರಡು ಕಡೆಯವರಿಗೆ ಬೇರೆ ಬೇರೆ ಕಾಯಿ, ಬೇರೆ ಬೇರೆ ಗುರಿ. ನಮ್ಮ ಹಿರಿಯರು ಇಂಥ ಅಸಮ ಆಟವನ್ನು ಎಷ್ಟೋ ತಲೆಮಾರು ಆಡಿಕೊಂಡು ಬಂದಿದ್ದಾರೆ. ಹಾಗಿರುವಾಗ 1948ರ ಆಟಕ್ಕೆ ಮಾದರಿಯನ್ನು ಹೊರಗೆ ಹುಡುಕುವ ಅಗತ್ಯವೇ ಇಲ್ಲ.

ಮೊದಲು ನಕ್ಷೆ. ಒಂದು ಮನೆಗೆ ಹತ್ತು ಕಿ.ಮೀ. ಎಂದು ಲೆಕ್ಕ ಹಿಡಿದರೆ ಪಡುವಣದಲ್ಲಿ ಸೊಲ್ಲಾಪುರ, ಮೂಡಣದಲ್ಲಿ ಹೈದರಾಬಾದ್ ನಗರ, ಬಡಗಣದಲ್ಲಿ ಬೀದರ್‌ನ ಮೇಲ್ಭಾಗ, ತೆಂಕಣದಲ್ಲಿ ಮುದ್ದೇಬಿಹಾಳ. ಇಷ್ಟೂ ಸುಮಾರು 27 ಮನೆ ಅಗಲ, 22 ಮನೆ ಉದ್ದದಲ್ಲಿ ಹಿಡಿಸುತ್ತದೆ. ನಾಲ್ಕು ಎ4 ಹಾಳೆ ಅಂಟಿಸಿದರೆ ಹಾಸು ಸಿದ್ಧ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಅದರ ಎಡ ಕೆಳಮೂಲೆಯಲ್ಲಿ ಬರುತ್ತವೆ. ಭೀಮೆಯನ್ನು ನೀಲಿ ಸ್ಕೆಚ್ ಪೆನ್ನಿನಲ್ಲಿ ಎಳೆದೆವು. ಡೋಣಿಯನ್ನೂ ಎಳೆದೆವು. ಅದು ಯುದ್ಧಕ್ಕೆ ಬೇಕಿರಲಿಲ್ಲ, ಆದರೆ ಅದಿಲ್ಲದ ವಿಜಾಪುರದ ನಕ್ಷೆ ನೋಡಲು ನಮಗ್ಯಾರಿಗೂ ಮನಸ್ಸಾಗಲಿಲ್ಲ. ಕಾಯಿಗಳನ್ನು ಹಳೆಯ ಲಗ್ನಪತ್ರಿಕೆಗಳ ದಪ್ಪ ರಟ್ಟಿನಲ್ಲಿ ಕತ್ತರಿಸಿದ್ದು. ದಾಳ ಲೂಡೋ ಪೆಟ್ಟಿಗೆಯದು. ಬಾಗೇವಾಡಿಯ ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಆರು ಮೂಲೆಯ ಮನೆಗಳ ಜಾಲವನ್ನು ಕಂಪ್ಯೂಟರಿನಲ್ಲಿ ಎಳೆದು ಪ್ರಿಂಟ್ ತೆಗೆದುಕೊಟ್ಟ. ಸಾಲುಗಳ ನಡುವಿನ ಅಂತರದಲ್ಲಿ ಕೂದಲೆಳೆಯ ವ್ಯತ್ಯಾಸ ಬಂದರೂ ಹಾಳೆಗಳು ಒಂದಕ್ಕೊಂದು ಕೂಡುವುದಿಲ್ಲ. ಆ ತಾಳ್ಮೆಯ ಕೆಲಸ ಅವನದು.

ಆಟದ ಒಂದು ಪಾಳಿ ಹತ್ತು ನಿಮಿಷ. ಟೆಂಪೆಸ್ಟ್ ತಾಸಿಗೆ 700 ಕಿ.ಮೀ. ದಾಟಬಲ್ಲ ವಿಮಾನವಾದರೂ ಭಾರ ಹೊತ್ತು, ಇಂಧನ ಉಳಿಸಿಕೊಂಡು ಹಾರುವ ವೇಗ ಅದಕ್ಕಿಂತ ಬಹಳ ಕಡಿಮೆ. ಪಾಳಿಗೆ ಆರು ಮನೆ ಎಂದು ಹಿಡಿದಿದ್ದೇವೆ. ಪುಣೆ ನಮ್ಮ ಹಾಸಿನ ಹೊರಗಿದೆ. ಅಲ್ಲಿಂದ ಬೀದರ್‌ಗೆ ನೇರ ದೂರವೇ 390 ಕಿ.ಮೀ. ಆಸುಪಾಸು. ಅಂದರೆ ವಿಮಾನ ಹಾಸಿನ ಪಡುವಣ ಅಂಚಿನಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ ಅದರ ಇಂಧನದ ಒಂದು ಪಾಲು ಖರ್ಚಾಗಿರುತ್ತದೆ, ಮರಳುವ ಪಾಲನ್ನು ಮುಟ್ಟುವಂತಿಲ್ಲ. ನಡುವೆ ಉಳಿಯುವ ಕೆಲವೇ ಪಾಳಿಗಳಲ್ಲಿ ಹುಡುಕಬೇಕು, ಖಚಿತ ಮಾಡಿಕೊಳ್ಳಬೇಕು, ಹೊಡೆಯಬೇಕು.

ಹುಡುಕುವುದೇ ಈ ರಂಗದ ಪ್ರಶ್ನೆ. ಎರಡನೇ ದಿನ ಸೇನೆ ಉಮರ್ಗಾದಿಂದ ರಾಜೇಶ್ವರದತ್ತ ಹೊರಟಾಗ ದಾರಿಯ ಇಕ್ಕೆಲಗಳಲ್ಲಿ ಹೊಂಚುಹಾಕಿದ ಠಾಣ್ಯಗಳಿರುವುದು ಆಕಾಶದಿಂದ ಮಾಡಿದ ವೀಕ್ಷಣೆಯಲ್ಲಿ ಕಂಡಿತು. ಟೆಂಪೆಸ್ಟ್‌ಗಳನ್ನು ಕರೆಸಲಾಯಿತು, ದಾರಿ ತೆರವಾಯಿತು, ಮಧ್ಯಾಹ್ನದ ಹೊತ್ತಿಗೆ ರಾಜೇಶ್ವರ ಕೈಸೇರಿತು. ಈಗಿನ ಬೀದರ್ ಜಿಲ್ಲೆಯ ಊರು ಅದು. ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವಾಗ ಎಷ್ಟು ಜನ ಅದನ್ನು ದಾಟಿಹೋಗಿಲ್ಲ! ಈ ಪ್ರಸಂಗಕ್ಕೆ ಹೈದರಾಬಾದ್ ಆಡುವವನು ದಾರಿಯುದ್ದಕ್ಕೂ ಕಾಯಿಗಳನ್ನು ಬೋರಲಾಗಿ ಇಡುತ್ತಾನೆ. ಕೆಲವು ನಿಜವಾದ ಹೊಂಚು, ಕೆಲವು ಖಾಲಿ, ಕೆಲವು ಊರು ಬಿಟ್ಟು ಹೊರಟ ಜನರ ಚಕ್ಕಡಿಗಳು. ವಿಮಾನ ಆಡುವವನು ಮೇಲೆ ಹಾರಿದರೆ ಎರಡು ಮನೆ ದೂರದವರೆಗೆ ನೋಡಬಹುದು, ಆದರೆ ಕಾಯಿ ಇದೆ ಎಂದಷ್ಟೇ ತಿಳಿಯುತ್ತದೆ. ಯಾವ ಕಾಯಿ ಎಂದು ತಿಳಿಯಲು ಕೆಳಕ್ಕೆ ಇಳಿಯಬೇಕು. ಇಳಿದರೆ ನೆಲದ ಬಂದೂಕಿಗೆ ಸಿಗುತ್ತಾನೆ, ಒಂದು ಪಾಳಿಯ ಇಂಧನವನ್ನೂ ಕಳೆದುಕೊಳ್ಳುತ್ತಾನೆ. ಇಳಿಯದೆ ಹೊಡೆಯಲು ನಿಯಮ ಬಿಡುತ್ತದೆ. ಆದರೆ ಹೊಡೆದ ಕಾಯಿ ಚಕ್ಕಡಿ ಎಂದು ತಿರುಗಿದರೆ ಅಲ್ಲಿಗೇ ಆಟ ಮುಗಿಯಿತು, ಹೊಡೆದವನು ಸೋತ.

ಈ ನಿಯಮದ ಬಗ್ಗೆ ನಮ್ಮಲ್ಲಿ ವಾದ ನಡೆಯಿತು. ಮುದ್ದೇಬಿಹಾಳದ ಹಿರಿಯರೊಬ್ಬರು, ಸೇನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಮೊದಲು ಒಪ್ಪಲಿಲ್ಲ. "ಯುದ್ಧದಾಗ ಅಷ್ಟ ವ್ಯಾಳ್ಯಾ ಸಿಗೂದಿಲ್ರಿ ತಮ್ಮಾರ" ಎಂದರು. ಸಿಗುವುದಿಲ್ಲ ನಿಜ, ಅದಕ್ಕೇ ಪಾಳಿಗಳು ಅಷ್ಟು ಕಡಿಮೆ ಇವೆ ಎಂದೆವು. ಒಂದು ಆಟ ಆಡಿದ ಮೇಲೆ ನಿಯಮ ತೆಗೆಯಬೇಡಿ ಎಂದು ಅವರೇ ಹೇಳಿದರು. ನನ್ನ ಮಟ್ಟಿಗೆ ಇದರಲ್ಲಿ ರಾಜಿ ಇಲ್ಲ. 1948 ಈ ಭಾಗದ ಮನೆಮನೆಯ ನೆನಪು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ನಿಜಾಮನ ಪರವಾಗಿದ್ದ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ಜನ ಇಂದಿಗೂ ಮರೆತಿಲ್ಲ. ಕಾರ್ಯಾಚರಣೆ ಮುಗಿದ ಮೇಲೆ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ಪಂಡಿತ್ ಸುಂದರ್‌ಲಾಲ್ ಸಮಿತಿ ಊರೂರು ಸುತ್ತಿ ದಾಖಲಿಸಿತು. ಸತ್ತವರು 27 ಸಾವಿರದಿಂದ 40 ಸಾವಿರ ಎಂಬುದು ಅದರ ಅಂದಾಜು. ಇಂಥ ನೆಲದ ಮೇಲೆ ಹಾಸು ಹರಡಿ, ಊರು ಹೊಡೆದರೆ ಇಷ್ಟು ಅಂಕ ಎಂದು ಬರೆಯಲು ಕೈ ಬರುವುದಿಲ್ಲ. ನಮ್ಮ ಆಟದಲ್ಲಿ ಸೇತುವೆ, ಠಾಣ್ಯ, ಲಾರಿ, ವಿಮಾನ ಇಳಿಯುವ ಪಟ್ಟಿ ಇವಷ್ಟೇ ಗುರಿ. ಊರಿನ ಮನೆಗಳ ಮೇಲೆ ಊರಿನ ಹೆಸರು ಬಿಟ್ಟು ಬೇರೇನೂ ಬರೆದಿಲ್ಲ.

ಟೆಂಪೆಸ್ಟ್ ಪ್ರಸಂಗಕ್ಕಿಂತಲೂ ನನಗೆ ಹೆಚ್ಚು ಹಿಡಿಸಿದ್ದು ಅದರ ಹಿಂದಿನ ತಿಂಗಳುಗಳ ಕಥೆ. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ಪೈಲಟ್, ಎರಡನೇ ಮಹಾಯುದ್ಧದ ಹೊತ್ತಿಗೆ ವಿಮಾನದಿಂದ ಬೇಹಿನ ಫೋಟೋ ತೆಗೆಯುವ ವಿದ್ಯೆಯನ್ನು ಬೆಳೆಸಿದವರಲ್ಲಿ ಮುಖ್ಯ. ಆ ಮನುಷ್ಯ 1948ರಲ್ಲಿ ಕರಾಚಿಯಿಂದ ಹೈದರಾಬಾದ್ ಸಂಸ್ಥಾನಕ್ಕೆ ರಾತ್ರೋರಾತ್ರಿ ಶಸ್ತ್ರಾಸ್ತ್ರ ಸಾಗಿಸಿದ. ಬಳಸಿದ್ದು ಲ್ಯಾಂಕಾಸ್ಟ್ರಿಯನ್ ವಿಮಾನಗಳನ್ನು. ಲ್ಯಾಂಕಾಸ್ಟರ್ ಎಂಬ ಪ್ರಸಿದ್ಧ ಬಾಂಬರನ್ನೇ ಸಾಗಣೆಗೆ ಹೊಂದಿಸಿದ, ನಾಲ್ಕು ಇಂಜಿನ್ನಿನ ದೊಡ್ಡ ವಿಮಾನ ಅದು. ಕರಾಚಿಯಿಂದ ಬೀದರ್‌ಗೆ ನೇರ ದೂರ ಸುಮಾರು 1,300 ಕಿ.ಮೀ. ಕತ್ತಲಾದ ಮೇಲೆ ಹೊರಟು, ಸರಕು ಇಳಿಸಿ, ಬೆಳಗಾಗುವ ಮುನ್ನ ಮರಳುವುದು ಅದಕ್ಕೆ ಕಷ್ಟವಲ್ಲ. ರಾತ್ರಿ ಕಾದಾಡುವ ವಿಮಾನ ಆಗ ಭಾರತದ ಬಳಿ ಇರಲಿಲ್ಲ. ಹಗಲಿನಲ್ಲಿ ಹಾರುವ ಟೆಂಪೆಸ್ಟ್‌ಗೆ ಕತ್ತಲಲ್ಲಿ ಒಂಟಿ ವಿಮಾನವನ್ನು ಹಿಡಿಯುವುದು ಆಗದ ಮಾತು.

ಈ ಪ್ರಸಂಗದಲ್ಲಿ ಗುಂಡೇ ಹಾರುವುದಿಲ್ಲ. ಒಬ್ಬ ಕಾಟನ್, ಇನ್ನೊಬ್ಬ ಗಡಿಯ ಈಚೆಯವನು. ಕಾಟನ್ ಆಡುವವನು ಪ್ರತಿ ರಾತ್ರಿಗೂ ಮೂರು ಮಾತು ಬರೆದು ಮುಚ್ಚಿಡುತ್ತಾನೆ: ಹಾರುವೆನೋ ಇಲ್ಲವೋ, ಯಾವ ಪಟ್ಟಿಗೆ, ಎಷ್ಟು ಸರಕು. ಹೆಚ್ಚು ಸರಕು ಹೊತ್ತರೆ ಇಳಿಯುವಾಗ ವಿಮಾನ ಕೆಡುವ ಅಪಾಯ ಹೆಚ್ಚು. ಈಚೆಯವನ ಬಳಿ ಇರುವುದು ಸುದ್ದಿ ತರುವ ಜನ ಮಾತ್ರ. ಆ ವರ್ಷ ಗಡಿಯುದ್ದಕ್ಕೂ ಹೈದರಾಬಾದ್ ವಿಮೋಚನೆಯ ಹೋರಾಟಗಾರರ ಶಿಬಿರಗಳು ಇದ್ದವು. ಅಳವಂಡಿ ಶಿವಮೂರ್ತಿಸ್ವಾಮಿಯವರ ಮುಂದಾಳತ್ವದ ಮುಂಡರಗಿ ಶಿಬಿರದ ಹೆಸರನ್ನು ಈ ಕಡೆ ಕೇಳದವರು ಕಡಿಮೆ. ಹಾಸಿನ ಮೇಲೆ ಸುದ್ದಿಯ ಕಾಯಿ ಕಾಲ್ನಡಿಗೆಯಲ್ಲಿ ದಿನಕ್ಕೆ ಮೂರು ಮನೆ, ಸೈಕಲ್ಲಿನಲ್ಲಿ ಆರು ಮನೆ ನಡೆಯುತ್ತದೆ. ಬೀದರ್‌ನಿಂದ ಸಿಂದಗಿಗೆ ನೇರ ದೂರವೇ 175 ಕಿ.ಮೀ. ದಾಟುತ್ತದೆ. ವಿಮಾನ ಇಳಿದ ಸುದ್ದಿ ಗಡಿ ಮುಟ್ಟುವ ಹೊತ್ತಿಗೆ ಅದು ಹಳೆಯ ಸುದ್ದಿ. ಹಳೆಯ ಸುದ್ದಿಗಳನ್ನು ಜೋಡಿಸಿ, ಅವನು ಯಾವ ಪಟ್ಟಿಯನ್ನು ಹೆಚ್ಚು ನಂಬಿದ್ದಾನೆ ಎಂದು ಊಹಿಸಿ, ಸೆಪ್ಟೆಂಬರ್ 13ರ ಬೆಳಿಗ್ಗೆ ಟೆಂಪೆಸ್ಟ್‌ಗಳನ್ನು ಎಲ್ಲಿಗೆ ಕಳಿಸಬೇಕೆಂದು ಈಚೆಯವನು ಒಂದೇ ಒಂದು ಸಲ ತೀರ್ಮಾನಿಸಬೇಕು. ಊಹೆ ಸರಿಯಾದರೆ ಪಟ್ಟಿಯಲ್ಲಿ ಉಳಿದ ಸರಕು ಹಾಳು, ತಪ್ಪಾದರೆ ಅದು ರಾಜೇಶ್ವರದ ದಾರಿಯ ಹೊಂಚುಗಳ ಕೈಸೇರಿ ಮುಂದಿನ ಪ್ರಸಂಗದಲ್ಲಿ ಬಲವಾಗಿ ಕೂರುತ್ತದೆ. ಎರಡು ಪ್ರಸಂಗಗಳನ್ನು ಹೀಗೆ ಹೆಣೆದಾಗ ಆಟಕ್ಕೆ ಜೀವ ಬಂತು. ನಾಗರಪಂಚಮಿಯ ರಜೆಯಲ್ಲಿ ಜೋಕಾಲಿ ಬಿಟ್ಟು ಹುಡುಗರು ಇದಕ್ಕೆ ಕೂತದ್ದನ್ನು ಕಂಡು ಮನೆಯ ಹೆಂಗಸರು "ಏನ್ ಬರಕೊಂಡು ಮುಚ್ಚಿಡ್ತೀರೋ ಅಷ್ಟು?" ಎಂದು ಬಂದು ಕೂತರು. ಆಮೇಲೆ ಕಾಟನ್ ಆಡಿ ಎಲ್ಲರನ್ನೂ ದಣಿಸಿದವರು ನನ್ನ ಅತ್ತಿಗೆ.

ಮುದ್ದೇಬಿಹಾಳದ ಗೆಳೆಯರಿಗೆ ವಿಮಾನಕ್ಕಿಂತ 1565ರ ರಕ್ಕಸತಂಗಡಿ ಕದನ ಹತ್ತಿರ. ತಂಗಡಗಿ ಅವರ ತಾಲ್ಲೂಕಿನಲ್ಲೇ ಇದೆ, ತಾಳಿಕೋಟೆಯೂ ಮೊನ್ನೆಮೊನ್ನೆಯವರೆಗೆ ಅದೇ ತಾಲ್ಲೂಕು. ರಕ್ಕಸತಂಗಡಿಯನ್ನು ಹಲಗೆಗೆ ತರಬೇಕೆಂದು ಅವರು ಬೆನ್ನುಬಿದ್ದಿದ್ದಾರೆ. ತರಲಿ, ಆದರೆ ಅದು ಬೇರೆಯೇ ಕೆಲಸ.

ನಾನು ಮುಂದೆ ಕೈಹಾಕಬೇಕೆಂದಿರುವುದು ಬರ್ಮಾ ರಂಗಕ್ಕೆ. 1942ರ ಫೆಬ್ರವರಿಯಲ್ಲಿ ಭಾರತೀಯ ವಾಯುಪಡೆಯ ಒಂದನೇ ಸ್ಕ್ವಾಡ್ರನ್ ಬರ್ಮಾದ ತೌಂಗೂ ನೆಲೆಯಲ್ಲಿತ್ತು. ಕೆ.ಕೆ. ಮಜುಂದಾರ್ ಅದರ ನಾಯಕ, 'ಜಂಬೊ' ಎಂದೇ ಎಲ್ಲರಿಗೂ ಗೊತ್ತು. ಅವರಿಗೆ ಸಿಕ್ಕಿದ್ದು ಲೈಸ್ಯಾಂಡರ್. ಸೇನೆಗೆ ಕಣ್ಣಾಗಿ ನಿಧಾನ ಹಾರಾಡಲು ಮಾಡಿದ ವಿಮಾನ ಅದು, ಬಾಂಬ್ ದಾಳಿಗೆ ಮಾಡಿದ್ದಲ್ಲ. ಅದಕ್ಕೇ ಬಾಂಬ್ ಕಟ್ಟಿಕೊಂಡು, ಜಪಾನೀಯರು ಬಳಸುತ್ತಿದ್ದ ಥಾಯ್ಲೆಂಡ್ ಗಡಿಯ ಮೇ ಹೊಂಗ್ ಸಾನ್ ನೆಲೆಯ ಮೇಲೆ ಅವರು ದಾಳಿ ಮಾಡಿದರು. ಅದೇ ವರ್ಷಗಳಲ್ಲಿ ಬೆಂಗಳೂರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸಂಸ್ಥಾನ ಸೇರಿ 1940ರ ಡಿಸೆಂಬರ್‌ನಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕದ ವಾಯುಪಡೆಯ ರಿಪೇರಿ ಕೇಂದ್ರವಾಯಿತು. ಬರ್ಮಾ ಮತ್ತು ಚೀನಾದ ಕಡೆ ಹಾರುತ್ತಿದ್ದ ವಿಮಾನಗಳು ಇಲ್ಲಿಗೆ ಬರುತ್ತಿದ್ದವು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳಿಗೆ ಬೆಳ್ಳಂದೂರು ಕೆರೆಯೇ ರನ್‌ವೇ. ಬರ್ಮಾದ ಆಟ ಬರೆಯುವವನು ಕಾದಾಟದ ಹಾಸಿನ ಪಕ್ಕದಲ್ಲಿ ಇನ್ನೊಂದು ಚಿಕ್ಕ ಹಾಸು ಇಡಬೇಕು. ಕೆಟ್ಟ ವಿಮಾನ ಬೆಂಗಳೂರಿಗೆ ಹೋಗಿ ಎಷ್ಟು ಪಾಳಿಯ ಮೇಲೆ ಮರಳುತ್ತದೆ ಎಂಬ ಲೆಕ್ಕ ಅದರಲ್ಲಿ. ಇಂಜಿನ್ ಬಿಚ್ಚಿ ಜೋಡಿಸಿದ ಬೆಂಗಳೂರಿನ ಕೈಗಳಿಗೂ ಆ ಯುದ್ಧದಲ್ಲಿ ಪಾಲಿದೆ, ಅವು ಆಟದಲ್ಲಿ ಕಾಣಬೇಕು.

ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆ ಇದೆ. ಜಿಲ್ಲೆಯ ಕಾಲೇಜುಗಳಲ್ಲಿ ಇತಿಹಾಸ ಓದುವ ಮಕ್ಕಳಿದ್ದಾರೆ. ಊರೂರಲ್ಲಿ ಸೇನೆಯಿಂದ ಮರಳಿದವರಿದ್ದಾರೆ. 1948ರಲ್ಲಿ ಹತ್ತು ವರ್ಷದವರಾಗಿದ್ದು ಗಡಿಯ ಆಚೀಚೆ ಓಡಾಡಿದ ಅಜ್ಜ ಅಜ್ಜಿಯರಿಗೆ ಈಗ ತೊಂಬತ್ತರ ಹತ್ತಿರ. ಅವರು ಬದುಕಿರುವಾಗಲೇ ಅವರ ಮುಂದೆ ಈ ಹಾಸು ಹರಡಿ, ಯಾವ ದಾರಿಯಲ್ಲಿ ಚಕ್ಕಡಿ ಬಂದವು, ಯಾವ ಹಳ್ಳ ದಾಟಿದರು, ಯಾವ ಊರಿನಲ್ಲಿ ಇಳಿದುಕೊಂಡರು ಎಂದು ಕೇಳಿ ಗುರುತು ಹಾಕಿಕೊಳ್ಳಬೇಕು. ಸಿಂದಗಿಯ ಗೆಳೆಯರು ಶಾಲೆಯ ಮಕ್ಕಳಿಗೆ ಈ ಕೆಲಸ ಹಚ್ಚುವ ಯೋಚನೆಯಲ್ಲಿದ್ದಾರೆ. ಪ್ರತಿ ಮಗುವಿಗೆ ಹಾಸಿನ ಒಂದೊಂದು ಮನೆ, ಆ ಹತ್ತು ಕಿಲೋಮೀಟರಿನಲ್ಲಿ 1948ರಲ್ಲಿ ಏನಿತ್ತು ಎಂದು ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬರಬೇಕು. ಮೊದಲಿಗೆ ಭೀಮೆಯ ದಂಡೆಯ ಮನೆಗಳನ್ನು ಹಂಚಲಿದ್ದಾರೆ.